ಬಡಿದು ಕೇಳಿದ ವಿಮಾನ

ನಮ್ಮ ಕೇಂದ್ರಕ್ಕೆ ಈ ವರ್ಷ ಆರು ಜನ ಹೊಸಬರು ಸೇರಿದ್ದಾರಂತೆ. ಅವರಿಗೆ ಓದಲಿಕ್ಕೆ ಏನಾದರೂ ಬರೆದುಕೊಡಿ ಎಂದು ಅಲ್ಲಿನ ಎಂಜಿನಿಯರ್ ಸುನೀತಾ ಮೂರು ಸಲ ಫೋನು ಮಾಡಿದಳು. “ಅಕ್ಕಾರ, ಬಡ್ತಿ ಗಿಡ್ತಿ ಎಲ್ಲಾ ಬ್ಯಾಡ್ರಿ. ಕೆಲಸ ಹ್ಯಾಂಗಿತ್ತು ಅಷ್ಟೇ ಬರೀರಿ” ಅಂದಳು. ಬರೆಯುವಷ್ಟು ಬಡ್ತಿಗಳು ನನಗೆ ಸಿಕ್ಕಿಯೂ ಇಲ್ಲ. ಹಾಗಾಗಿ ಆ ತೊಂದರೆ ಇಲ್ಲ.

ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು. ರಾಕೆಟ್ಟಿನ ಬಲದಿಂದ ಹಾರುವ ವಿಮಾನದ ರೆಕ್ಕೆಯನ್ನು ನಾಣ್ಯದಿಂದ ಬಡಿದು, ಸದ್ದು ಕೇಳಿ, ಗಟ್ಟಿಯೋ ಪೊಳ್ಳೋ ಎಂದು ಹೇಳುವುದು. ಮೂವತ್ತು ವರ್ಷ ಅದನ್ನೇ ಮಾಡಿದೆ. ಕೊನೆಯ ನಾಲ್ಕು ವರ್ಷ ನನ್ನ ಕಿವಿ ಕೆಡುತ್ತಾ ಬಂದಿತ್ತು. ಅದನ್ನು ನಾನು ಬಹಳ ಕಾಲ ಯಾರಿಗೂ ಹೇಳಲಿಲ್ಲ. ಹೊಸಬರು ತಿಳಿಯಬೇಕಾದದ್ದು ಅದನ್ನೇ. ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ. ಆದರೆ ಆ ದಾರಿಯೂ ಚೆನ್ನಾಗಿತ್ತು, ಅದನ್ನು ಬಿಟ್ಟು ಬರೆಯಲು ಮನಸ್ಸಿಲ್ಲ.

ನಾನು ರಾವೂರಿನವಳು. ಅಪ್ಪ, ಅವ್ವ ಇಬ್ಬರೂ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿಯಲ್ಲಿ ದುಡಿದವರು. ನಮ್ಮ ಕಡೆಯ ಕಲ್ಲು ಚಪಾತಿಯ ಪದರಿನಂತೆ ಏಳುತ್ತದೆ. ಎದ್ದ ಪ್ರತಿ ಪರ್ಸಿಯನ್ನೂ ಅಪ್ಪ ಸಣ್ಣ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದ. ಒಳಗೆ ಬಿರುಕಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಸಿಗುತ್ತದೆ. “ಖಣ್ ಅಂದ್ರ ಮನಿ ನೆಲಕ್ಕ, ಬದ್ ಅಂದ್ರ ಹೊಲದ ಗ್ವಾಡಿಗಿ” ಅನ್ನುತ್ತಿದ್ದ. ನಾನು ಅಕ್ಷರ ಕಲಿಯುವ ಮೊದಲೇ ಈ ಎರಡು ಸದ್ದು ಕಲಿತೆ. ಮುಂದೆ ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿತೆ. ಇಡೀ ತರಗತಿಗೆ ಒಬ್ಬಳೇ ಹುಡುಗಿ. ಅದಾದ ಮೇಲೆ ಶಹಾಬಾದಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಗೆ ಸೇರಿದೆ.

ಆಗಲೇ ರಾವೂರಿನ ಹೊರಗೆ, ಕಲ್ಲು ಮುಗಿದು ಬಿಟ್ಟುಹೋದ ಗಣಿಯೊಂದನ್ನು ನೋಡಲು ಜೀಪಿನಲ್ಲಿ ಕೆಲವರು ಬಂದರು. ಅವರಿಗೆ ಬೇಕಾದದ್ದು ಕಲ್ಲಲ್ಲ, ಗುಂಡಿ. ಮೂರು ಕಡೆ ಮೂವತ್ತು ಅಡಿ ಎತ್ತರದ ಕಲ್ಲಿನ ಗೋಡೆ ಇರುವ ಗುಂಡಿ. ಅದರೊಳಗೆ ರಾಕೆಟ್ ಎಂಜಿನ್ ಕಟ್ಟಿ ಉರಿಸಿ ನೋಡುತ್ತಾರೆ, ಅದು ಸಿಡಿದರೂ ಊರಿಗೆ ತಾಗಬಾರದು ಎನ್ನುವ ಲೆಕ್ಕ. ಮುಂದೆ ಆ ಎಂಜಿನ್ನನ್ನು ವಿಮಾನಕ್ಕೆ ಜೋಡಿಸುವ ಆಸೆ. ಸಾಮಾನ್ಯ ವಿಮಾನದ ಎಂಜಿನ್ ಗಾಳಿಯಿಂದ ಆಮ್ಲಜನಕ ಹೀರಿ ಉರಿಯುತ್ತದೆ. ರಾಕೆಟ್ ವಿಮಾನ ತನ್ನ ಆಮ್ಲಜನಕವನ್ನು ತಾನೇ ಬುತ್ತಿ ಕಟ್ಟಿಕೊಂಡು ಹೋಗುತ್ತದೆ. ಅಷ್ಟೇ ವ್ಯತ್ಯಾಸ ಎಂದು ನಮ್ಮ ಮುಖ್ಯಸ್ಥರು ಹೇಳುತ್ತಿದ್ದರು. ಆ ಅಷ್ಟಕ್ಕೇ ನಮ್ಮೆಲ್ಲರ ತಲೆಗೂದಲು ಬೆಳ್ಳಗಾಯಿತು.

ಮುಖ್ಯಸ್ಥರು ಎಂದರೆ ಆಚಾರ್ಯರು. ಸೇಡಂನವರು, ಮಾಸ್ತರರ ಮಗ, ಕಟ್ಟಾ ವೈಷ್ಣವರ ಮನೆ. ಹಣೆಯ ಮೇಲೆ ಅಂಗಾರದ ಕಪ್ಪು ಗೆರೆ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕಾಲಲ್ಲಿ ಸವೆದ ಚಪ್ಪಲಿ. ಎಂಜಿನ್ನಿನ ಬೆಂಕಿ ಬಡಿಯುವ ಜಾಗಕ್ಕೆ ಹಾಸಲು ಅವರು ನಮ್ಮ ಕಾರ್ಖಾನೆಯಿಂದ ದಪ್ಪ ಪರ್ಸಿ ತರಿಸಿದರು. ಲಾರಿಯ ಜೊತೆ ನಾನು ಹೋದೆ. ಇಳಿಸುವ ಮೊದಲು ಒಂದೊಂದನ್ನೂ ಬಡಿದು ಆರನ್ನು ಬದಿಗೆ ಸರಿಸಿದೆ.

“ಇವಕ್ಕೇನಾಗೇದ್ರಿ? ಎಲ್ಲಾ ಒಂದೇ ಥರ ಕಾಣ್ತಾವಲ್ಲ?” ಅಂದರು ಆಚಾರ್ಯರು.

“ಕಾಣ್ತಾವ್ರಿ ಸಾಹೇಬ್ರ, ಕೇಳಸಂಗಿಲ್ಲ” ಅಂದೆ.

ಅವರಿಗೆ ಅದು ಭಾರಿ ಹಿಡಿಸಿತು. ಬದಿಗಿಟ್ಟ ಒಂದನ್ನು ಒಡೆಸಿ ನೋಡಿದರು. ಒಳಗೆ ಕೂದಲಿನಷ್ಟು ಸಣ್ಣ ಬಿರುಕು. ನಾನು ಹಿಗ್ಗಿ ಹೀರೇಕಾಯಿಯಾದೆ. ಒಂದು ವಾರದ ಮೇಲೆ ಮೊದಲ ಸಲ ಎಂಜಿನ್ ಉರಿಸಿದರು. ಎರಡೇ ಸೆಕೆಂಡು. ನಾನು ಆರಿಸಿಕೊಟ್ಟ ಅಷ್ಟೂ ಪರ್ಸಿಗಳು ಪಟಾಕಿಯಂತೆ ಸಿಡಿದು ಚೂರಾದವು.

ಮನೆಗೆ ಬಂದು ಅವ್ವನ ಮುಂದೆ ಅತ್ತೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯ ನನ್ನ ಮಗಳ, ಅದೇ ಕಲ್ಲು ಸುಣ್ಣದ ಭಟ್ಟಿಗಿ ಹಾಕ್ತಾರಲ್ಲ! ಬೆಂಕಿಗಿ ಹಿಡದ್ರ ಅದು ಕಲ್ಲಾಗಿ ಉಳೀತದೇನು? ಊರಾಗಿನ ಕೂಸಿಗೂ ಗೊತ್ತದ.” ನಿಜ. ಸುಣ್ಣದ ಭಟ್ಟಿಯ ಹೊಗೆ ಕುಡಿದೇ ಬೆಳೆದವಳು ನಾನು. ಗಟ್ಟಿ ಕಲ್ಲು ಆರಿಸುವ ಜಂಭದಲ್ಲಿ ಕಲ್ಲು ಎಂಥದ್ದು ಎನ್ನುವುದನ್ನೇ ಮರೆತಿದ್ದೆ.

ಮಾರನೆಯ ದಿನ ಗಣಿಗೆ ಹೋಗಿ, “ತಪ್ಪು ನಂದೇ ಅದ್ರಿ ಸಾಹೇಬ್ರ, ಇದು ಸುಣ್ಣದ ಕಲ್ಲು” ಅಂದೆ. ಆಚಾರ್ಯರು ಎದ್ದು ಹೋಗಿ ಸೀಮೆಎಣ್ಣೆ ಸ್ಟೌ ಹೊತ್ತಿಸಿ ತಾವೇ ಚಹಾ ಮಾಡಿ ತಂದರು. “ನಾನೂ ಓದಿದಾವ, ನೀವೂ ಕಲ್ಲಿನಾಗ ಬೆಳದವರು. ಇಬ್ಬರಿಗೂ ಹೊಳೀಲಿಲ್ಲ. ಕುಂದ್ರಿ. ತನ್ನ ತಪ್ಪು ತಾನೇ ಬಂದು ಹೇಳಿದವರಿಗೆ ಇಲ್ಲಿ ಒಂದು ಕಪ್ ಚಹಾ. ಮುಚ್ಚಿಟ್ಟವರಿಗೆ ಮೆಮೊ. ಇವತ್ತಿನಿಂದ ಇದೇ ಕಾಯ್ದೆ” ಅಂದರು. ಒಂದೇ ಜೋಡಿಯ ಸ್ಟೀಲ್ ಲೋಟಗಳಲ್ಲಿ ಒಂದು ನನಗೆ, ಒಂದು ಅವರಿಗೆ.

ಅವ್ವ ಅದನ್ನು ನಂಬಲೇ ಇಲ್ಲ. ನಮ್ಮ ಮನೆ ರಾವೂರಿನ ಬುದ್ಧವಿಹಾರದ ಹಿಂದಿನ ಸಾಲಿನಲ್ಲಿದೆ. ಆಚಾರ್ಯರಂಥ ಮನೆತನದವರ ಅಂಗಳದಲ್ಲಿ ಅವಳಿಗೆ ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ದಿದ್ದರು. “ಆಚಾರ್ಯರು ತಾವೇ ಮಾಡಿ ಕೊಟ್ರಾ? ಲೋಟ ಯಾರು ತೊಳದ್ರು?” ಎಂದು ಎರಡೆರಡು ಸಲ ಕೇಳಿದಳು. ಲೋಟ ಆಚಾರ್ಯರೇ ತೊಳೆದಿದ್ದರು. ಮುಂದಿನ ಸೋಮವಾರ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಕಲ್ಲು ಆರಿಸಲಿಕ್ಕಲ್ಲ, ಅದಕ್ಕೆ ಬೆಂಕಿಗೆ ಜಗ್ಗದ ಇಟ್ಟಿಗೆ ಬಂದಿತ್ತು. ನನ್ನ ಕಿವಿಗೆ ಬೇರೆ ಕೆಲಸವಿತ್ತು.

ನಮ್ಮ ವಿಮಾನಕ್ಕೆ ಕಾಗದದ ಮೇಲೆ ಎರಡು ಅಕ್ಷರ, ಒಂದು ಅಂಕಿಯ ಹೆಸರು. ನಾವು ಕರೆಯುತ್ತಿದ್ದುದು ‘ಸೊಸಿ’ ಎಂದು. ಎಲ್ಲರ ಕಣ್ಣೂ ಅವಳ ಮೇಲೆ, ಹೇಳಿದ ಮಾತು ಮಾತ್ರ ಕೇಳುವವಳಲ್ಲ. ಒಳಗೆ ಮನುಷ್ಯರಿಲ್ಲ. ನೆಲದಿಂದಲೇ ನಡೆಸುವುದು. ತೊಂಬತ್ತು ಸೆಕೆಂಡು ಬೆಂಕಿ ಉಗುಳುತ್ತಾ ಏರುತ್ತಾಳೆ. ಬುತ್ತಿ ಮುಗಿದ ಮೇಲೆ ಬೆಂಕಿ ಆರುತ್ತದೆ. ಆಮೇಲೆ ಅವಳು ಬರೀ ರೆಕ್ಕೆ. ತೇಲುತ್ತಾ ಬಂದು ಇಳಿಯಬೇಕು. ಇಳಿಯುವುದು ತಪ್ಪಿದರೆ ಇನ್ನೊಂದು ಸುತ್ತು ಹೊಡೆಯಲು ಎಂಜಿನ್ ಇಲ್ಲ. ಆದ್ದರಿಂದ ಉಳಿದವರಿಗೆಲ್ಲ ಎಂಜಿನ್ ದೊಡ್ಡದಾದರೆ ನನಗೆ ರೆಕ್ಕೆ ದೊಡ್ಡದು.

ರೆಕ್ಕೆ ಎಂದರೆ ಹಗುರಾದ ತಿರುಳಿನ ಮೇಲೂ ಕೆಳಗೂ ಅಂಟಿಸಿದ ಗಟ್ಟಿ ತೊಗಲು. ಅಂಟು ಎಲ್ಲಾದರೂ ಬಿಟ್ಟಿದ್ದರೆ ಹೊರಗೆ ಕಾಣದು. ರೆಕ್ಕೆಯ ಮೇಲೆ ದಾರ ಹಿಡಿದು ಸೀಮೆಸುಣ್ಣದಲ್ಲಿ ಚೌಕ ಚೌಕ ಗೆರೆ ಹೊಡೆಯುತ್ತಿದ್ದೆ. ಹಳೆಯ ದಪ್ಪ ರೂಪಾಯಿ ನಾಣ್ಯದಿಂದ ಒಂದೊಂದು ಚೌಕಕ್ಕೆ ಮೂರು ಏಟು. ಖಣ್ ಅಂದರೆ ಮುಂದೆ. ಬದ್ ಅಂದರೆ ಸುತ್ತಲೂ ಒಂದು ಗುಂಡು ಗೆರೆ. ಕೊನೆಯಲ್ಲಿ ಮೂಲೆಗೆ ‘ಶಾಂ’ ಎಂದು ನನ್ನ ಗುರುತು, ಶಾಂತಾಬಾಯಿಯ ಮೊದಲಕ್ಷರ. ಆ ಗುರುತು ಬೀಳದೆ ಸೊಸಿ ಶೆಡ್ಡಿನ ಹೊಸಿಲು ದಾಟುತ್ತಿರಲಿಲ್ಲ. ಆ ದಿನಗಳ ನೆನಪಾದರೆ ಈಗಲೂ ಎದೆ ತುಂಬುತ್ತದೆ. ಬೇಸಿಗೆಯಲ್ಲಿ ಹೊರಗೆ ಕಲ್ಲು ಕಾದ ಹಂಚಾಗಿರುತ್ತಿತ್ತು. ಒಳಗೆ ದ್ರವ ಆಮ್ಲಜನಕದ ಪೈಪಿನ ಮೇಲೆ ಬೆಳ್ಳಗೆ ಹಿಮ ಕಟ್ಟುತ್ತಿತ್ತು. ನಾವೆಲ್ಲ ನೆಪ ಮಾಡಿಕೊಂಡು ಅದರ ಹತ್ತಿರ ಹೋಗಿ ನಿಲ್ಲುತ್ತಿದ್ದೆವು. ಮಜ್ಜಿಗೆ ತಂಬಿಗೆಯನ್ನು ಆ ಪೈಪಿಗೆ ಆನಿಸಿಟ್ಟು ಬೈಸಿಕೊಂಡವಳು ನಾನೇ.

ಬೈದವರು ಮಹಬೂಬ್ ಭಾಯಿ. ವಾಡಿಯವರು, ಆಮ್ಲಜನಕದ ಪೈಪು, ವಾಲ್ವುಗಳೆಲ್ಲ ಅವರ ಸುಪರ್ದಿ. ವಿಮಾನ ಇಳಿಯುವಾಗ ಬೆಂಕಿ ಆರಿಸುವ ಗಾಡಿಯೊಂದಿಗೆ ಓಡುದಾರಿಯ ಅಂಚಿಗೆ ನಿಲ್ಲುವವರೂ ಅವರೇ. “ಶಾಂತಾ ಆಪಾ, ಈ ಪೈಪಿಗಿ ಎಣ್ಣಿ ಒಂದು ಹನಿ ತಾಗಿದ್ರ ನಾವೆಲ್ಲ ಸೀದಾ ಮ್ಯಾಲೆ, ಟಿಕೆಟ್ ಇಲ್ಲದೆ” ಅನ್ನುತ್ತಿದ್ದರು. ಎಣ್ಣೆಯ ಜಿಡ್ಡಿಗೆ ದ್ರವ ಆಮ್ಲಜನಕ ಸೇರಿದರೆ ಕಿಡಿಯೂ ಬೇಡ, ಸಣ್ಣ ಏಟಿಗೂ ಸ್ಫೋಟಿಸುತ್ತದೆ. ಅದಕ್ಕೆ ನಾವು ತಲೆಗೆ ಎಣ್ಣೆ ಹಚ್ಚಿಕೊಂಡು ಕೂಡ ಅತ್ತ ಹೋಗುವಂತಿರಲಿಲ್ಲ.

ಒಂದು ವರ್ಷ ಮಹಾನವಮಿಗೆ ಆಚಾರ್ಯರೇ ಮಡಿಯುಟ್ಟು ಖಂಡೆ ಪೂಜೆ ಮಾಡಿದರು. ಸುತ್ತಿಗೆ, ಪಾನಾ, ಲೇಥ್, ಎಂಜಿನ್ ಎಲ್ಲಕ್ಕೂ ಕುಂಕುಮ, ಚೆಂಡುಹೂವು. ಒಣ ಕುಂಕುಮ ಕಬ್ಬಿಣಕ್ಕೆ ಹತ್ತುವುದಿಲ್ಲವಲ್ಲ, ಒಳ್ಳೆಣ್ಣೆಯಲ್ಲಿ ಕಲಸಿದ್ದರು. ಮರುದಿನ ಎಂಜಿನ್ ಉರಿಸುವುದಿತ್ತು. ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಆಚಾರ್ಯರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿ ಬಂದರು. “ನಿಲ್ಲಸ್ರಿ! ಎಲ್ಲಾ ನಿಲ್ಲಸ್ರಿ! ನಿನ್ನೆ ಆ ವಾಲ್ವಿನ ಬಾಯಿಗಿ ಕುಂಕುಮ ಇಟ್ಟಾವ ನಾನೇ. ಎಣ್ಣಿಯೊಳಗ ಕಲಸಿದಾವನೂ ನಾನೇ.” ಎಲ್ಲರಿಗೂ ಎಣ್ಣೆಯ ಪಾಠ ಹೇಳಿದವರು ಅವರು. ಭಕ್ತಿಯಲ್ಲಿ ಅವರ ಕೈ ಪಾಠವನ್ನು ಮರೆತಿತ್ತು.

ವಾಲ್ವು ಬಿಚ್ಚಿ ತೊಳೆಯಲು ಮೂರು ದಿನ ಹಿಡಿಯಿತು. ಅವತ್ತು ಸ್ಟೌ ಹೊತ್ತಿಸಿದ್ದು ಮಹಬೂಬ್ ಭಾಯಿ. ಎಲ್ಲರೆದುರು ಲೋಟ ನೀಡಿ, “ಲೇವೋ ಸಾಬ್, ಕಾಯ್ದೆ ಅಂದ್ರ ಕಾಯ್ದೆ” ಅಂದರು. ಆಚಾರ್ಯರು ತಲೆ ತಗ್ಗಿಸಿ ಕುಡಿದರು. ಅಂಥ ಮುಖ್ಯಸ್ಥರ ಕೈಕೆಳಗೆ ದುಡಿದೆ ಎನ್ನುವುದು ನನಗೆ ಯಾವ ಬಡ್ತಿಗಿಂತಲೂ ದೊಡ್ಡದು.

ಮೊದಲ ಹಾರಾಟದ ಮಾತು ಹೇಳದಿದ್ದರೆ ಮಹಬೂಬ್ ಭಾಯಿ ಸಿಟ್ಟಾಗುತ್ತಾರೆ. ಚಿಂಚೋಳಿ ಕಡೆ, ಕೆಮ್ಮಣ್ಣಿನ ಎತ್ತರದ ಬಯಲಿನಲ್ಲಿ ನಮ್ಮ ಓಡುದಾರಿ ಇತ್ತು. ಸೊಸಿ ಚೆನ್ನಾಗಿಯೇ ಏರಿದಳು. ಬೆಂಕಿ ಆರಿದ ಮೇಲೆ ಎಡಕ್ಕೆ ತಿರುಗಿ ಯಾರ ಮಾತೂ ಕೇಳದೆ ತೊಗರಿ ಹೊಲವೊಂದರಲ್ಲಿ ಇಳಿದಳು. ನಾವು ಏದುಸಿರು ಬಿಡುತ್ತಾ ಓಡಿದೆವು. ಹೊಲದ ಯಜಮಾನ ಬದುವಿನ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. “ನಿಮ್ಮ ಇಮಾನ ನಮ್ಮ ತೊಗರ್‍ಯಾಗ ಮಕ್ಕೊಂಡದ. ಎಬ್ಬಿಸ್ಕೊಂಡು ಒಯ್ರಿ, ಎತ್ತು ಬೆದರಲಿಕತ್ತಾವ” ಅಂದ. ರೆಕ್ಕೆಗೆ ಒಂದು ಗೀರೂ ಬಿದ್ದಿರಲಿಲ್ಲ. ನಾನು ಆ ಹೊಲದಲ್ಲೇ ಮೊಣಕಾಲೂರಿ ಒಂದೊಂದು ಚೌಕ ಬಡಿದೆ. ಎಲ್ಲ ಖಣ್. ಅಷ್ಟು ಸುಖ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ಕಿವಿ ಹೇಗೆ ಕೆಟ್ಟಿತು ಎಂದು ಹೇಳುತ್ತೇನೆ. ಎಂಜಿನ್ ಉರಿಸುವಾಗ ಎಲ್ಲರೂ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಳ್ಳಬೇಕು. ಹಾಕಿಕೊಳ್ಳುತ್ತಿದ್ದೆ. ಆದರೆ ಉರಿಸಿದ ಮೇಲೆ ಆಚಾರ್ಯರು, “ಏನ್ರಿ ಶಾಂತಾಬಾಯಿ, ಹ್ಯಾಂಗ ಕೇಳಸ್ತು?” ಎಂದು ನಗುತ್ತಾ ಕೇಳುತ್ತಿದ್ದರು. ಅದು ತಮಾಷೆಯ ಮಾತು. ನಾನು ಅದನ್ನು ಕಿರೀಟ ಮಾಡಿಕೊಂಡೆ. ಪ್ರತಿ ಸಲವೂ ಎಡಗಿವಿಯ ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ ಕೇಳತೊಡಗಿದೆ. ಆಚಾರ್ಯರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಕೆಲಸದಿಂದಲೇ ತೆಗೆಯುತ್ತಿದ್ದರು. ಕಿವಿ ಚುರುಕು ಎನ್ನುವ ಜಂಭಕ್ಕೆ ಕಿವಿಯನ್ನೇ ಕಳೆದುಕೊಂಡವಳು ನಾನು. ಹೊಸಬರೇ, ಮುಚ್ಚಳ ಎತ್ತಬೇಡಿ. ಈ ಬರಹದಲ್ಲಿ ನಾನು ಕೊಡುವ ಬುದ್ಧಿಮಾತು ಇದೊಂದೇ.

ಆಚಾರ್ಯರು ನಿವೃತ್ತರಾಗಿ ಸೇಡಂಗೆ ಹೋದರು. ಮೈಸೂರು ಕಡೆಯ ಹೊಸ ಮುಖ್ಯಸ್ಥರು ಬಂದರು. ಕೆಟ್ಟವರಲ್ಲ, ಗಡಿಯಾರ ನೋಡಿಕೊಂಡು ಉಸಿರಾಡುವವರು. ಸ್ಟೌ ಹೋಗಿ ಚಹಾದ ಮೆಷಿನ್ ಬಂತು. ಗುಂಡಿ ಒತ್ತಿದರೆ ತಪ್ಪು ಮಾಡಿದವರಿಗೂ ಮಾಡದವರಿಗೂ ಒಂದೇ ಚಹಾ. ರೆಕ್ಕೆ ಪರೀಕ್ಷೆಗೂ ಒಂದು ಯಂತ್ರ ಬಂತು, ಕಿವಿಗೆ ಕೇಳದ ಸದ್ದನ್ನು ಒಳಗೆ ಕಳಿಸಿ ಪರದೆಯ ಮೇಲೆ ಚಿತ್ರ ತೋರಿಸುವಂಥದ್ದು. ಅದರ ಜೊತೆ ಚಿತ್ತಾಪುರದ ಸುನೀತಾ ಬಂದಳು. ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದುಕೊಂಡೆ. ಆದರೆ ಹುಡುಗಿ ದಿನಾ ಬಂದು, “ಅಕ್ಕಾರ, ನಂಗೂ ಬಡದು ತೋರಸ್ರಿ” ಎಂದು ಕೂರುತ್ತಿದ್ದಳು. ಸಿಟ್ಟು ಮಾಡಿಕೊಂಡಿರಲು ಬಿಡುತ್ತಲೇ ಇರಲಿಲ್ಲ.

ರೆಕ್ಕೆಯ ಬಯಲು ಜಾಗದಲ್ಲಿ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ರೆಕ್ಕೆ ಹೊಟ್ಟೆಗೆ ಸೇರುವ ಬುಡದಲ್ಲಿ, ಡೊಂಕು ಮೂಲೆಗಳಲ್ಲಿ ಅದಕ್ಕೆ ಕಾಣುತ್ತಿರಲಿಲ್ಲ. ಅಲ್ಲಿ ನಾಣ್ಯವೇ ಗತಿ, ನಾನೇ ಗತಿ. ನನ್ನ ಕಿವಿ ಹೋಗುತ್ತಿದ್ದುದೂ ಆಗಲೇ, ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು. ಮೊದಲು ಕುಕ್ಕರಿನ ಸೀಟಿ ತಪ್ಪಿತು. ಮೂರು ಸೀಟಿ ಅಂತ ಇಟ್ಟರೆ ಗಂಡ ಒಳಗಿನಿಂದ ಓಡಿ ಬಂದು, “ಏಳಾತು! ಬ್ಯಾಳಿ ಪಾಯಸ ಆತು!” ಎಂದು ಗ್ಯಾಸ್ ಆರಿಸುತ್ತಿದ್ದ. ನಾನು ಕುಕ್ಕರನ್ನೇ ಬೈದೆ. ಕೆಲಸದಲ್ಲಿ ಬೆರಳ ತುದಿ ಇಟ್ಟು ನಡುಕ ನೋಡುವುದು, ಸೀಮೆಸುಣ್ಣದ ಪುಡಿ ಕುಣಿಯುವುದನ್ನು ನೋಡುವುದು, ಇಂಥ ಉಪಾಯ ಕಲಿತೆ. ಕೆಲವು ಸಲ, “ನಿಮ್ಮ ಚೌಕದಾಗ ಒಂದು ಪೊಳ್ಳು ಸಿಕ್ಕದ್ರಿ ಅಕ್ಕಾರ, ಮೆಷಿನ್ ಹಿಡೀತು” ಎಂದು ಸುನೀತಾ ಹೇಳುತ್ತಿದ್ದಳು. ಡೊಂಕು ಮೂಲೆ ಮೆಷಿನ್ನಿಗೆ ಕಾಣುವುದಿಲ್ಲವಲ್ಲ ಎಂದು ನಾನು ಯೋಚಿಸಲಿಲ್ಲ. ಯೋಚಿಸಲು ಮನಸ್ಸಿರಲಿಲ್ಲ.

ಬಾಯಿ ಬಿಡಲಿಲ್ಲ ಏಕೆ? ಕೆಲಸ ಹೋಗುತ್ತದೆ ಎಂದಲ್ಲ. ಬೇರೆ ಮೇಜು ಕೊಡುತ್ತಿದ್ದರು. ಆದರೆ ಕಿವಿ ಇಲ್ಲದ ಶಾಂತಾಬಾಯಿ ಎಂದರೆ ಯಾರು?

ದೊಡ್ಡ ಸೊಸಿ ಸಿದ್ಧವಾದಳು. ಹಿಂದಿನವಳಿಗಿಂತ ಎರಡು ಪಟ್ಟು. ಹಾರಾಟಕ್ಕೆ ಬುಧವಾರ ಗೊತ್ತಾಗಿತ್ತು, ಹೊರಗಿನಿಂದ ದೊಡ್ಡವರು ನೋಡಲು ಬರುವವರಿದ್ದರು. ಶುಕ್ರವಾರ, ಶನಿವಾರ ಎರಡೂ ರೆಕ್ಕೆಯ ಬುಡಗಳನ್ನು ನಾನು ಬಡಿದೆ. ಸುನೀತಾ ಅಕ್ಕನ ಮದುವೆಗೆಂದು ರಜೆಯಲ್ಲಿದ್ದಳು. ಎಡರೆಕ್ಕೆ ಸಲೀಸಾಗಿ ಮುಗಿಯಿತು. ಬಲರೆಕ್ಕೆಯಲ್ಲಿ ಎರಡು ಚೌಕ ಸ್ವಲ್ಪ ಮಂಕೆನಿಸಿತು, ಮತ್ತೆ ಬಡಿದೆ, ಸರಿ ಎನಿಸಿತು. ಎರಡಕ್ಕೂ ‘ಶಾಂ’ ಬರೆದು, ಕಾಗದಕ್ಕೆ ಸಹಿ ಹಾಕಿದೆ.

ಭಾನುವಾರ ಮಧ್ಯಾಹ್ನ ವಾಡಿ ಜಂಕ್ಷನ್ನಿನಲ್ಲಿ ತಂಗಿಯನ್ನು ರೈಲಿಗೆ ಹತ್ತಿಸಿ, ಪ್ಲಾಟ್‌ಫಾರ್ಮಿನ ತೀರ ಅಂಚಿನಲ್ಲಿ ನಡೆಯುತ್ತಿದ್ದೆ. ಯಾರೋ ಒಬ್ಬ ಹೆಂಗಸು ನನ್ನ ತೋಳು ಹಿಡಿದು ಎಳೆದಳು. ನನ್ನ ಪಕ್ಕದಿಂದ ಒಂದು ಗೂಡ್ಸ್ ಗಾಡಿ ನುಗ್ಗಿ ಹೋಯಿತು. “ಕಿವಿ ಕೇಳಸಂಗಿಲ್ಲೇನಬೇ? ಎಷ್ಟೊತ್ತಿನಿಂದ ಸೀಟಿ ಹೊಡೀಲಿಕತ್ತದ!” ಎಂದು ಅವಳು ಬೈದಳು. ನನಗೆ ಸೀಟಿ ಕೇಳಿಸಿರಲಿಲ್ಲ. ಇಡೀ ಸ್ಟೇಷನ್ನಿಗೆ ಕೇಳಿಸಿದ ಸೀಟಿ.

ಅಲ್ಲೇ ಬೆಂಚಿನ ಮೇಲೆ ಕುಳಿತೆ. ಹೆದರಿದ್ದು ರೈಲಿಗಲ್ಲ. ರೈಲಿನ ಸೀಟಿ ಕೇಳದ ಕಿವಿಗೆ ನಾಣ್ಯದ ಸದ್ದು ಹೇಗೆ ಕೇಳಿಸಿತು? ನಿನ್ನೆ ನಾನು ಕೇಳಿದ್ದು ರೆಕ್ಕೆಯ ಸದ್ದನ್ನಲ್ಲ. ಮೂವತ್ತು ವರ್ಷದಿಂದ ತಲೆಯಲ್ಲಿ ಕೂತ ಸದ್ದನ್ನು. ಬುಧವಾರ ಇಳಿಯುವಾಗ ರೆಕ್ಕೆ ಕಿತ್ತು ಸೊಸಿ ಮಗುಚಿದರೆ, ಅಂಚಿನಲ್ಲಿ ಗಾಡಿಯ ಪಕ್ಕ ನಿಂತಿರುವವರು ಮಹಬೂಬ್ ಭಾಯಿ.

ಮನೆಗೆ ಹೋಗಲಿಲ್ಲ. ಮುಂದಿನ ಗಾಡಿಗೆ ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದೆ. ಆಚಾರ್ಯರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. “ಬರ್ರಿ ಬರ್ರಿ ಶಾಂತಾಬಾಯಿ, ಕುಂದ್ರಿ” ಎಂದು ಎದ್ದು ನಿಂತರು. ಅವರ ಹೆಂಡತಿ ಸುಶೀಲಾಬಾಯಿ ಚಹಾಕ್ಕೆ ಎಸರಿಟ್ಟರು. ನಾನು ಎಲ್ಲ ಹೇಳಿದೆ. ಮುಚ್ಚಳ ಎತ್ತಿದ್ದು, ಕುಕ್ಕರು, ರೈಲು, ರೆಕ್ಕೆ. ಹೇಳಿ ಮುಗಿಸಿದ ಮೇಲೆ ಎದೆ ಹಗುರಾಗಿ ಅಳು ಬಂತು. ಅಷ್ಟರಲ್ಲಿ ಆಚಾರ್ಯರು ಒಳಗೆ ತಿರುಗಿ ಜೋರಾಗಿ, “ಸುಶೀಲಾ, ಒಲಿ ಆರಸು. ಚಹಾ ಬ್ಯಾಡ” ಅಂದರು.

ಅವ್ವನ ಬೊಗಸೆ ಕಣ್ಣ ಮುಂದೆ ಬಂತು. ಸುಳ್ಳೇಕೆ ಹೇಳಲಿ, ಕೊನೆಗೂ ಇಷ್ಟೇ ಏನು ಎಂದು ಒಂದು ಗಳಿಗೆ ಅನ್ನಿಸಿತು. ಸುಶೀಲಾಬಾಯಿ ಗಾಬರಿಯಾಗಿ ಹೊರಗೆ ಬಂದು, “ಏನ್ರೀ ಇದು, ಮನಿಗಿ ಬಂದವರಿಗಿ?” ಅಂದರು.

“ಈ ಚಹಾ ಇಲ್ಲಿ ಕುಡದ್ರ ಅವರಿಗಿ ಹಗುರಾಗ್ತದ. ಹಗುರಾಗಬಾರದು” ಅಂದರು ಆಚಾರ್ಯರು. ಆಮೇಲೆ ನನ್ನ ಬಲಗಿವಿಯ ಕಡೆ ಬಾಗಿ ಒಂದೊಂದೇ ಮಾತು ಬಿಡಿಸಿ ಹೇಳಿದರು. “ನಾನು ಈಗ ಯಾರೂ ಅಲ್ರಿ. ಯಾರ ಮುಂದ ಹೇಳಬೇಕೋ ಅವರ ಮುಂದ ಹೇಳಿ ಬರ್ರಿ. ಆಮ್ಯಾಲ ನಾನೇ ಮಾಡಿ ಕೊಡ್ತೀನಿ.” ಅವರ ಕಣ್ಣಲ್ಲೂ ನೀರಿತ್ತು. ಸ್ಟೇಷನ್ನಿನವರೆಗೂ ಬರಿಗಾಲಲ್ಲಿ ಬಂದು ನನ್ನನ್ನು ರೈಲು ಹತ್ತಿಸಿದರು.

ಸೋಮವಾರ ಬೆಳಗಿನ ಸಭೆಯಲ್ಲಿ ಎದ್ದು ನಿಂತೆ. “ರೆಕ್ಕಿ ಬುಡ ನಾ ಕೇಳಿಲ್ರಿ. ನನಗ ಕೇಳಸಂಗಿಲ್ಲ. ಸಹಿ ವಾಪಸ್ ತಗೋತೀನಿ.”

ಹೊಸ ಮುಖ್ಯಸ್ಥರ ಮುಖ ಕೆಂಪಗಾಯಿತು. “ಶಾಂತಾಬಾಯಿಯವರೇ, ಬುಧವಾರಕ್ಕೆ ಎರಡು ದಿನ ಇದೆ. ನೀವು ಇದನ್ನ ಬರೆದುಕೊಟ್ಟರೆ ನಿಮ್ಮ ಮೇಲೆ ಕ್ರಮ ತಗೋಬೇಕಾಗುತ್ತೆ, ಗೊತ್ತಲ್ವಾ?”

“ಬರದೇ ತಂದೀನ್ರಿ ಸರ್” ಎಂದು ಕಾಗದ ಮೇಜಿನ ಮೇಲಿಟ್ಟೆ.

ಆಗ ರಜೆ ಮುಗಿಸಿ ಅವತ್ತೇ ಬಂದಿದ್ದ ಸುನೀತಾ ಎದ್ದಳು. “ಸರ್, ನನ್ನದೂ ತಪ್ಪದ. ಅಕ್ಕಾರಿಗಿ ಕೇಳಸಂಗಿಲ್ಲ ಅಂತ ನಂಗ ಒಂದು ವರ್ಷದಿಂದ ಗೊತ್ತದ. ಅವರು ಊಟಕ್ಕ ಹೋದಾಗ ನಾನು ಮತ್ತೊಮ್ಮೆ ಬಡದು ನೋಡ್ತಿದ್ದೆ. ಸಿಕ್ಕಿದ್ದು ಮೆಷಿನ್ ಹಿಡೀತು ಅಂತಿದ್ದೆ.” ನನ್ನ ಕಡೆ ತಿರುಗಿದಳು. “ದೊಡ್ಡವರಿಗಿ, ನಂಗ ಕಲಿಸಿದವರಿಗಿ, ನಿಮಗ ಕೇಳಸಂಗಿಲ್ಲ ಅಂತ ಹ್ಯಾಂಗ ಹೇಳಲ್ರಿ ಅಕ್ಕಾರ? ಬಾಯಿ ಬರಲಿಲ್ಲ. ಈ ಸಲ ರಜಾದಾಗಿದ್ದೆ. ಬುಡ ನೋಡಿಲ್ಲ.”

ಅಂದರೆ ಒಂದು ವರ್ಷ ನನ್ನ ಗುರುತಿನ ಹಿಂದೆ ಇದ್ದದ್ದು ಅವಳ ಕಿವಿ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ನನಗೆ ಕೊಟ್ಟ ಮರ್ಯಾದೆ, ನಾನು ನನಗೇ ಕೊಟ್ಟುಕೊಂಡ ಮರ್ಯಾದೆ, ಎರಡೂ ಸೇರಿ ಮಹಬೂಬ್ ಭಾಯಿಯನ್ನು ಅಂಚಿಗೆ ನಿಲ್ಲಿಸಿದ್ದವು.

ಮುಖ್ಯಸ್ಥರು ಬಹಳ ಹೊತ್ತು ಕಾಗದ ನೋಡಿ, “ಎರಡೂ ರೆಕ್ಕೆ, ಮೊದಲಿಂದ” ಅಂದರು.

ಬಡಿಯಲು ನಾವಿಬ್ಬರೂ ಬೇಕಾಯಿತು. ಬುಡದ ದಪ್ಪ ಜಾಗದ ಸದ್ದು ಬೇರೆ, ಅಂಚಿನದು ಬೇರೆ. ಅವುಗಳ ಅರ್ಥ ಸುನೀತಾಗೆ ಪೂರ್ತಿ ಗೊತ್ತಿಲ್ಲ. ನನಗೆ ಗೊತ್ತು, ಕೇಳುವುದಿಲ್ಲ. ಅವಳು ನಾಣ್ಯದಿಂದ ಬಡಿದು ಆ ಸದ್ದನ್ನು ಬಾಯಿಂದ ನನ್ನ ಬಲಗಿವಿಗೆ ಹೇಳಬೇಕು. “ಖಣ್... ಖಣ್... ಖಣ್ ಅದ, ಆದ್ರ ಸ್ವಲ್ಪ ದಪ್ಪಗದ.” “ಅದು ಸರಿ, ಒಳಗ ತೊಲಿ ಅದ ಅಲ್ಲಿ, ಮುಂದ ನಡಿ.” ಹೀಗೇ ಸಂಜೆಯವರೆಗೆ. ಇಡೀ ಶೆಡ್ಡು ಕೆಲಸ ಬಿಟ್ಟು ನಿಂತು ನೋಡುತ್ತಿತ್ತು. ನಾನು ಅನುಮಾನಪಟ್ಟಿದ್ದ ಬಲರೆಕ್ಕೆ ಪೂರ್ತಿ ಗಟ್ಟಿ. ಮನಸ್ಸು ನಿರಾಳವಾಯಿತು. ಎಡರೆಕ್ಕೆ ಸುಮ್ಮನೆ ನೋಡುವುದು ಎಂದುಕೊಂಡೆ.

ಎಡರೆಕ್ಕೆಯ ಬುಡದಲ್ಲಿ ಸುನೀತಾಳ ಕೈ ನಿಂತಿತು. ಮತ್ತೆ ಬಡಿದಳು. “ಬದ್” ಅಂದಳು. ಪಕ್ಕದ ಚೌಕ. “ಬದ್.” ಅದರ ಪಕ್ಕದ್ದು. “ಬದ್ ರಿ ಅಕ್ಕಾರ.” ಅಂಗೈ ಅಗಲವಲ್ಲ, ಮೊರದಷ್ಟು ಅಗಲ. ಮೂಲೆಯಲ್ಲಿ ನನ್ನ ‘ಶಾಂ’ ದುಂಡಗೆ, ಸ್ಪಷ್ಟವಾಗಿ ಇತ್ತು. ಆ ರೆಕ್ಕೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮಹಬೂಬ್ ಭಾಯಿ ಬಂದು ಆ ಜಾಗದ ಮೇಲೆ ಕೈಯಿಟ್ಟು, ನನ್ನನ್ನು ನೋಡಿ, ತಮ್ಮ ವಾಲ್ವುಗಳ ಕಡೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಬುಧವಾರ ಹೋಯಿತು. ರೆಕ್ಕೆ ಬಿಚ್ಚಿ ಹೊಸದಾಗಿ ಅಂಟಿಸಿದರು. ನನಗೆ ಮೆಮೊ ಬಂತು, ನ್ಯಾಯವೇ. ನಾಣ್ಯವನ್ನು ಸುನೀತಾಗೆ ಕೊಟ್ಟು, ಅವಳ ಪಕ್ಕದಲ್ಲಿ ಸದ್ದುಗಳ ಅರ್ಥ ಹೇಳುವುದು ನನ್ನ ಕೊನೆಯ ವರ್ಷದ ಕೆಲಸವಾಯಿತು. ಆರು ವಾರದ ಮೇಲೆ ಚಿಂಚೋಳಿಯ ಬಯಲಿನಲ್ಲಿ ದೊಡ್ಡ ಸೊಸಿ ಏರಿದಳು. ಬೆಂಕಿ ಆರಿ, ಬಿಳಿ ಚುಕ್ಕಿಯಾಗಿ ತಿರುಗಿ, ನಿಧಾನಕ್ಕೆ ತೇಲಿ ಬಂದು ಓಡುದಾರಿಯ ನಟ್ಟನಡುವೆ ಇಳಿದಳು. ಮಹಬೂಬ್ ಭಾಯಿಯ ಗಾಡಿ ನಿಂತಲ್ಲಿಂದ ಕದಲಲಿಲ್ಲ. ರೆಕ್ಕೆ ಗಾಳಿ ಸೀಳುವ ಸದ್ದು ಹೇಗಿತ್ತು ಎಂದು ಸುನೀತಾ ನನಗೆ ಬಾಯಿಂದ ಮಾಡಿ ತೋರಿಸಿದಳು. ಇಬ್ಬರೂ ಅತ್ತೆವು, ನಕ್ಕೆವು.

ಆ ಭಾನುವಾರ ಮತ್ತೆ ಸೇಡಂಗೆ ಹೋದೆ. ಆಚಾರ್ಯರಿಗೆ ಸುದ್ದಿ ಆಗಲೇ ಮುಟ್ಟಿತ್ತು. ನನ್ನನ್ನು ಕೂರಿಸಿ, ಸುಶೀಲಾಬಾಯಿಯನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ ತಾವೇ ಚಹಾ ಮಾಡಿದರು. ವಯಸ್ಸಾಗಿದೆ, ಅರ್ಧ ಚಹಾ ತಟ್ಟೆಯಲ್ಲೇ ಇತ್ತು. ಲೋಟ ನನ್ನ ಮುಂದಿಟ್ಟು ಏನೋ ಅಂದರು.

ನನಗೆ ಕೇಳಿಸಲಿಲ್ಲ. ಹಳೆಯ ಅಭ್ಯಾಸದಂತೆ ತಲೆ ಆಡಿಸಲು ಹೊರಟಿದ್ದೆ, ನಿಲ್ಲಿಸಿದೆ.

“ಕೇಳಸಲಿಲ್ರಿ ಸಾಹೇಬ್ರ. ಇನ್ನೊಮ್ಮೆ ಹೇಳ್ರಿ.”

ಹುಟ್ಟಿದಾಗಿನಿಂದ ನಾನು ಆಡಿರದ ಮಾತು ಅದು. ಆಚಾರ್ಯರು ನನ್ನ ಬಲಗಿವಿಯ ಹತ್ತಿರ ಬಂದು ಕುಳಿತು, ಬೀದಿಗೆಲ್ಲ ಕೇಳುವಂತೆ ಹೇಳಿದರು: “ಸಕ್ರಿ ಸಾಕೇನ್ರಿ ಅಂತ ಕೇಳ್ದೆ!”